ಮೆಣಸಿನ ಬಂದರಿನ ಆಳುಗಳು

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯ ಹಗರೆಯಲ್ಲಿ ನಿಂತರೆ ಬೇಲೂರೂ ಹತ್ತಿರ, ಹಳೇಬೀಡೂ ಹತ್ತಿರ. ಬೇಲೂರಿನಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದದ್ದು 1117ರಲ್ಲಿ. ಹೊಯ್ಸಳ ವಿಷ್ಣುವರ್ಧನ ದೋರಸಮುದ್ರದಿಂದ, ಅಂದರೆ ಇಂದಿನ ಹಳೇಬೀಡಿನಿಂದ, ಆಳುತ್ತಿದ್ದ ಅದೇ ಕಾಲದಲ್ಲಿ, ಘಟ್ಟ ಇಳಿದರೆ ಸಿಗುವ ಮಂಗಳೂರಿನಲ್ಲಿ ಒಂದು ಕಾಗದಪತ್ರವಾಯಿತು. ತಾರೀಕು 17 ಅಕ್ಟೋಬರ್ 1132. ಆಶು ಎಂಬ ತೊತ್ತಿನ ಹೆಂಗಸನ್ನು ಅವಳ ಒಡೆಯ ಬಿಡುಗಡೆ ಮಾಡಿದ ಪತ್ರ ಅದು.

ಒಡೆಯನ ಹೆಸರು ಅಬ್ರಹಾಂ ಬೆನ್ ಯಿಜು. ಇಂದಿನ ಟ್ಯುನೀಸಿಯಾದ ಮಹದಿಯಾ ಊರಿನ ಯೆಹೂದಿ ವ್ಯಾಪಾರಿ. ಏಡನ್‌ನಲ್ಲಿದ್ದು ಅಲ್ಲಿಂದ ನಮ್ಮ ಕರಾವಳಿಗೆ ಬಂದು 1149ರವರೆಗೆ ಇಲ್ಲಿ ವ್ಯಾಪಾರ ಮಾಡಿದ. ಇಲ್ಲಿಂದ ಮೆಣಸು, ಅಡಕೆ, ಕಬ್ಬಿಣ ಏಡನ್‌ಗೆ ಹೋಗುತ್ತಿತ್ತು. ಅಲ್ಲಿಂದ ತಾಮ್ರ, ಸಕ್ಕರೆ, ಒಣದ್ರಾಕ್ಷಿ, ಬರೆಯಲು ಕಾಗದ ಬರುತ್ತಿತ್ತು. ಅವನದೇ ಒಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ಒಡೆದ ಪಾತ್ರೆಪಗಡಿಗಳನ್ನು ಹಡಗಿಗೆ ಹಾಕಿ ಕಳಿಸಿ, ಇಂಥ ಅಳತೆಯ ಬೋಗುಣಿ, ಇಂಥ ಆಕಾರದ ಹೂಜಿ ಮಾಡಿಸಿಕೊಡು ಎಂದು ಬರೆಯುತ್ತಿದ್ದರು.

ಗುಲಾಮರೆಂದರೆ ನಮಗೆ ಅಮೆರಿಕದ ಹತ್ತಿಯ ಹೊಲ, ಜಾಂಜಿಬಾರ್‌ನ ಸಂತೆ ನೆನಪಾಗುತ್ತದೆ. ಮಂಗಳೂರು ಅಂಥ ಸಂತೆಗೆ ಹೆಸರಾದ ಊರಲ್ಲ, ಮೆಣಸಿಗೆ ಹೆಸರಾದದ್ದು. ಆದರೆ ಆ ಮೆಣಸಿನ ಲೆಕ್ಕದ ಪಕ್ಕದಲ್ಲೇ ಆಳುಗಳ ಲೆಕ್ಕವೂ ಇತ್ತು. ಬೆನ್ ಯಿಜುವಿಗೆ ಇನ್ನೊಬ್ಬ ಗುಲಾಮನಿದ್ದ. ಕಸ ಗುಡಿಸುವ ಆಳಲ್ಲ, ಯಜಮಾನನ ಸರಕಿನ ಜೊತೆ ಏಡನ್‌ವರೆಗೆ ಹಡಗಿನಲ್ಲಿ ಹೋಗಿ ವ್ಯವಹಾರ ಮುಗಿಸಿಕೊಂಡು ಬರುವ ನಂಬಿಕಸ್ಥ. ಒಮ್ಮೆ ಅಲ್ಲಿ ಕುಡಿದು, ದುಡ್ಡು ಕೊಡು ಎಂದು ಯಜಮಾನನ ಗೆಳೆಯ ಮದ್ಮೂನ್‌ನ ಜೀವ ತಿಂದನಂತೆ. ದೂರು ಕಾಗದದಲ್ಲಿ ಉಳಿದಿದೆ. (ಎಂಟುನೂರಕ್ಕೂ ಹೆಚ್ಚು ವರ್ಷ ಕಳೆದರೂ ಆ ಕುಡಿತದ ಸುದ್ದಿ ಅಳಿಯಲಿಲ್ಲ, ಪಾಪ!) 1148ರಲ್ಲಿ ಏಡನ್‌ನ ಇನ್ನೊಬ್ಬ ವ್ಯಾಪಾರಿ ಖಲಫ್ ಬರೆದ ಪತ್ರದಲ್ಲಿ ಅದೇ ಗುಲಾಮನಿಗೂ ನಮಸ್ಕಾರ ತಿಳಿಸಿದ್ದಾನೆ.

ಹೀಬ್ರೂ ಲಿಪಿಯಲ್ಲಿ ಕೆಲವೇ ಅಕ್ಷರಗಳಲ್ಲಿದ್ದ ಆ ಗುಲಾಮನ ಹೆಸರನ್ನು ಬೊಮ್ಮ ಎಂದು ಓದಿದವರು ಕಾದಂಬರಿಕಾರ ಅಮಿತಾವ್ ಘೋಷ್. ದಾರಿ ತೋರಿಸಿದವರು ಮಂಗಳೂರಿನ ಪ್ರೊ. ಬಿ.ಎ. ವಿವೇಕ ರೈ. ಈ ಕುರಿತ ಘೋಷ್ ಅವರ ಪುಸ್ತಕ 1992ರಲ್ಲಿ ಬಂತು. ಬೊಮ್ಮಯ್ಯ, ಬೊಮ್ಮೇಗೌಡರು ಈಗಲೂ ಇರುವ ನಮ್ಮ ಕಡೆಯವರಿಗೆ ಈ ಓದನ್ನು ಒಪ್ಪಲು ಕಷ್ಟವೇನಿಲ್ಲ.

ಈ ಕಾಗದಗಳು ಉಳಿದದ್ದೇ ಒಂದು ಸೋಜಿಗ. ದೇವರ ಹೆಸರಿರಬಹುದಾದ ಯಾವ ಬರಹವನ್ನೂ ಹರಿದೆಸೆಯಬಾರದೆಂದು ಕೈರೋದ ಹಳೆಯ ಭಾಗ ಫುಸ್ತಾತ್‌ನ ಯೆಹೂದಿಗಳು ತಮ್ಮ ಪ್ರಾರ್ಥನಾಮಂದಿರದ ಕೋಣೆಯೊಂದರಲ್ಲಿ ತುಂಬಿಡುತ್ತಿದ್ದರು. 1896-97ರಲ್ಲಿ ಸಾಲೊಮನ್ ಶೆಕ್ಟರ್ ಅದರ ಬಹುಪಾಲನ್ನು ಕೇಂಬ್ರಿಜ್‌ಗೆ ಸಾಗಿಸಿದರು. ಬೆನ್ ಯಿಜು ಮಿತವ್ಯಯಿ. ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಗೀಚುತ್ತಿದ್ದ. ಅದರಿಂದಾಗಿ, ಅವನು ಮರಳುವಾಗ ಜೊತೆಗೆ ಒಯ್ದ ಕಾಗದಗಳಲ್ಲಿ ಮಂಗಳೂರಿನ ಮನೆವಾರ್ತೆಯ ಚೂರುಗಳೂ ಈಜಿಪ್ಟಿನಲ್ಲಿ ಉಳಿದವು. ಆಶುವಿನ ಬಿಡುಗಡೆ ಪತ್ರ ಮಾತ್ರ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಸೇರಿದೆ.

ಬಿಡುಗಡೆಯ ಜೊತೆಗೆ ಅವಳಿಗೆ ಬೆರಾಖಾ ಎಂಬ ಹೀಬ್ರೂ ಹೆಸರೂ ಬಂತು. ಬೆನ್ ಯಿಜುವಿನ ಮಕ್ಕಳ ತಾಯಿ ಇವಳೇ ಎಂಬುದು ವಿದ್ವಾಂಸರ ಊಹೆ. ಮಗಳು ಸಿತ್ ಅಲ್-ದಾರ್ 1156ರಲ್ಲಿ ಫುಸ್ತಾತ್‌ನಲ್ಲಿ ದೊಡ್ಡಪ್ಪ-ಚಿಕ್ಕಪ್ಪನ ಮಗನನ್ನೇ ಮದುವೆಯಾದಳು. ಆ ಹೊತ್ತಿನ ಕಾಗದಗಳಲ್ಲಿ ತಾಯಿಯ ಸುದ್ದಿಯೇ ಇಲ್ಲ. ಇದನ್ನು ಪ್ರೇಮಕಥೆ ಮಾಡಿ ಹೇಳುವವರಿದ್ದಾರೆ. ನನಗೆ ಆ ಧೈರ್ಯವಿಲ್ಲ. ಕೊಂಡವನಿಗೆ ಇಲ್ಲ ಎನ್ನುವ ಅಧಿಕಾರ ಅವಳಿಗಿತ್ತೇ ಎಂದು ಪತ್ರ ಹೇಳುವುದಿಲ್ಲ.

1510ರಲ್ಲಿ ಪೋರ್ಚುಗೀಸರ ಕೈಸೇರಿದ ಗೋವಾದ ಕಥೆ ಇನ್ನೂ ಕಠೋರ. ಮೊಜಾಂಬಿಕ್ ಕಡೆಯಿಂದ ತಂದವರನ್ನು ಅಲ್ಲಿನ ದೊಡ್ಡ ಬೀದಿಯಲ್ಲಿ ಲಿಲಾವು ಹಾಕುತ್ತಿದ್ದರು. ತಪ್ಪಿಸಿಕೊಂಡವರು ಕಾಡು ಸೇರಿದರು. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಜನರ ಹಿರಿಯರಲ್ಲಿ ಹಲವರು ಹೀಗೆ ಬಂದವರು. ಅವರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ.

ಹಡಗಿನಲ್ಲಿ ಬಂದವರ ಕಥೆಯನ್ನಷ್ಟೇ ಹೇಳಿ ಮುಗಿಸಿದರೆ ನಾವು ನುಣುಚಿಕೊಂಡಂತೆ. ಹಡಗು ಹತ್ತದೆಯೇ ಹುಟ್ಟಿದಲ್ಲೇ ಆಳಾದವರು ತುಳುನಾಡಿನ ಗದ್ದೆಗಳಲ್ಲಿದ್ದರು. ಭೂಮಿಯೊಡನೆ ವಂಶಪಾರಂಪರ್ಯವಾಗಿ ಒಡೆಯನಿಗೆ ಸೇರಿದವರು. 1801ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಇಂಥ ಆಳುಗಳ ವಿಷಯ ಬರೆದಿದ್ದಾನೆ. ಬಂದರಿಗೆ ಇಳಿಯುತ್ತಿದ್ದ ಅಕ್ಕಿಯ ಹಿಂದೆ ಅವರ ಬೆವರಿತ್ತು, ಆದರೆ ಬೊಮ್ಮನ ಹಾಗೆ ಅವರಿಗೆ ನಮಸ್ಕಾರ ಬರೆಯುವ ಖಲಫ್ ಯಾರೂ ಇರಲಿಲ್ಲ. 1843ರ ಕಾಯ್ದೆ, ಗುಲಾಮನ ಮೇಲಿನ ಒಡೆತನವನ್ನು ಕೋರ್ಟು ಮಾನ್ಯ ಮಾಡುವುದಿಲ್ಲ ಎಂದಿತು. 1860ರ ದಂಡಸಂಹಿತೆ ಮಾರಾಟವನ್ನು ಅಪರಾಧ ಮಾಡಿತು. ಜೀತ ನಿಷೇಧದ ಕಾಯ್ದೆ ಬರಲು 1976ರವರೆಗೆ ಕಾಯಬೇಕಾಯಿತು.

ನಮ್ಮ ಶಾಲೆಗಳಲ್ಲಿ ಹೊಯ್ಸಳರ ಪಾಠವೆಂದರೆ ವಿಷ್ಣುವರ್ಧನ, ಶಾಂತಲೆ, ಶಿಲಾಬಾಲಿಕೆಯರು. ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ: ಅದೇ ಕಾಲದ ಆಶು, ಬೊಮ್ಮರ ಹೆಸರನ್ನೂ ಆ ತರಗತಿಯಲ್ಲಿ ಹೇಳಿ.