ಕಪಾಟಿನಲ್ಲಿ ಉಳಿದ ಮುಖ

1981ರಲ್ಲಿ ನಾರ್ವೆಯ ಓಸ್ಲೊ ಸಮೀಪದ ಡಿಕೆಮಾರ್ಕ್ ಮನೋರೋಗಿಗಳ ಆಸ್ಪತ್ರೆಯ ಒಂದು ಕಪಾಟಿನಲ್ಲಿ ಫಿಲ್ಮಿನ ಹಳೇ ಡಬ್ಬಿಗಳು ಸಿಕ್ಕವು. ಸುಟ್ಟುಹೋಯಿತೆಂದು ಎಲ್ಲರೂ ಕೈಬಿಟ್ಟಿದ್ದ ಮೂಕಿ ಚಿತ್ರವೊಂದರ ಮೂಲ ರೂಪ ಅವುಗಳಲ್ಲಿತ್ತು: ಡೆನ್ಮಾರ್ಕಿನ ಕಾರ್ಲ್ ಡ್ರೇಯರ್ ಫ್ರಾನ್ಸಿನಲ್ಲಿ ತೆಗೆದ ‘ದ ಪ್ಯಾಶನ್ ಆಫ್ ಜೋನ್ ಆಫ್ ಆರ್ಕ್’. ಅದರ ಜೊತೆ ರೆನೆ ಫಾಲ್ಕೊನೆಟ್ಟಿಯ ಮುಖವೂ ಮರಳಿ ಬಂತು.

ಫಾಲ್ಕೊನೆಟ್ಟಿ ಪ್ಯಾರಿಸ್ಸಿನ ರಂಗನಟಿ. ಹಗುರಾದ ಹಾಸ್ಯನಾಟಕವೊಂದರಲ್ಲಿ ಆಕೆಯನ್ನು ಕಂಡ ಡ್ರೇಯರ್, ಬಣ್ಣ ಒರೆಸಿದ ಮೇಲೆ ಉಳಿಯುವ ಮುಖವನ್ನು ನೆಚ್ಚಿದರು. 1431ರಲ್ಲಿ ರೂವಾನ್ ಪಟ್ಟಣದಲ್ಲಿ ಜೋನ್ ಎಂಬ ಹಳ್ಳಿ ಹುಡುಗಿಯನ್ನು ವಿಚಾರಣೆ ನಡೆಸಿ ಜೀವಂತ ಸುಟ್ಟರಲ್ಲ, ಆ ವಿಚಾರಣೆಯ ದಾಖಲೆಯೇ ಚಿತ್ರಕ್ಕೆ ಆಧಾರ. ಚರ್ಮದ ಛಾಯೆಗಳನ್ನು ಸರಿಯಾಗಿ ಹಿಡಿಯುವ ಹೊಸ ಬಗೆಯ ಫಿಲ್ಮ್ ಕೈಗೆ ಬಂದಿದ್ದರಿಂದ ಯಾರಿಗೂ ಬಣ್ಣ ಹಚ್ಚಲಿಲ್ಲ. ಬಿರಿದ ತುಟಿ, ರೆಪ್ಪೆಯಂಚಿನ ನೀರು ಎಲ್ಲವೂ ಕಾಣುತ್ತವೆ. ಒಂದು ಕಡೆ ನೊಣವೊಂದು ಬಂದು ಮುಖದ ಮೇಲೆ ಕೂರುತ್ತದೆ. ಆಕೆ ಜೋನ್ ಆಗಿಯೇ ಅದನ್ನು ಕೈಯಿಂದ ಓಡಿಸುತ್ತಾಳೆ. ಡ್ರೇಯರ್ ಆ ತುಣುಕನ್ನು ಕತ್ತರಿಸಲಿಲ್ಲ. ತಲೆಗೂದಲು ಕತ್ತರಿಸುವ ದೃಶ್ಯದಲ್ಲಿ ನೆಲಕ್ಕೆ ಬಿದ್ದದ್ದು ನಟಿಯ ಸ್ವಂತ ಕೂದಲು. ಆಗ ಇಳಿಯುವ ಕಣ್ಣೀರು ನೋಡುವಾಗ ನನಗೆ ಉಸಿರು ಹಿಡಿದಂತಾಗುತ್ತದೆ.

ಚಿತ್ರ 1928ರ ಏಪ್ರಿಲ್‌ನಲ್ಲಿ ಕೋಪನ್‌ಹೇಗನ್ನಿನಲ್ಲಿ ತೆರೆಕಂಡಿತು. ಅದೇ ಡಿಸೆಂಬರಿನಲ್ಲಿ ಬರ್ಲಿನ್ನಿನಲ್ಲಿ ಬೆಂಕಿ ಬಿದ್ದು ಮೂಲ ನೆಗೆಟಿವ್ ಭಸ್ಮವಾಯಿತು. ಬಳಸದೆ ಬಿಟ್ಟಿದ್ದ ಟೇಕುಗಳನ್ನು ಜೋಡಿಸಿ ಡ್ರೇಯರ್ ಇಡೀ ಚಿತ್ರವನ್ನು ಮತ್ತೆ ಕಟ್ಟಿದರು. ಅದನ್ನೂ ಬೆಂಕಿ ಬಿಡಲಿಲ್ಲ. ಮುಂದಿನ ದಶಕಗಳಲ್ಲಿ ಜನ ನೋಡಿದ್ದು ಅವರಿವರು ಕತ್ತರಿಸಿ ತೇಪೆ ಹಾಕಿದ ಪ್ರತಿಗಳನ್ನು. ಫಾಲ್ಕೊನೆಟ್ಟಿ ಮತ್ತೆ ದೊಡ್ಡ ಚಿತ್ರ ಮಾಡಲಿಲ್ಲ. 1946ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ತೀರಿಕೊಂಡರು. ಡ್ರೇಯರ್ 1968ರಲ್ಲಿ ಹೋದರು. ಡಬ್ಬಿ ಸಿಕ್ಕಿದ್ದನ್ನು ನೋಡಲು ಇಬ್ಬರೂ ಇರಲಿಲ್ಲ.

ಈ ಕಥೆ ಓದಿದಾಗಲೆಲ್ಲ ನನಗೆ ಟಿ.ಪಿ. ಕೈಲಾಸಂ ನೆನಪಾಗುತ್ತಾರೆ. ಮೋಹನ್ ಭವನಾನಿ ಸಂಸ್ಕೃತ ನಾಟಕ ‘ಮೃಚ್ಛಕಟಿಕ’ವನ್ನು ‘ವಸಂತಸೇನಾ’ ಎಂಬ ಮೂಕಿ ಚಿತ್ರವಾಗಿ ಮಾಡಿದಾಗ ಅದರಲ್ಲಿ ಕೈಲಾಸಂ ನಟಿಸಿದ್ದರು, ಕಮಲಾದೇವಿ ಚಟ್ಟೋಪಾಧ್ಯಾಯರೂ ಇದ್ದರು. ಮಾತಿನಿಂದಲೇ ಕನ್ನಡ ರಂಗಭೂಮಿಯನ್ನು ಗೆದ್ದ ಮನುಷ್ಯ ಮಾತಿಲ್ಲದೆ ಹೇಗೆ ನಟಿಸಿದ್ದರು? ನಮಗೆ ನೋಡಲು ಆ ಚಿತ್ರವೇ ಇಲ್ಲ. ನಾಟಕ ಪುಸ್ತಕದಲ್ಲಿ ಉಳಿದೀತು, ಹಾಡು ಬಾಯಿಂದ ಬಾಯಿಗೆ ದಾಟೀತು. ಮೂಕಿ ನಟರಿಗೆ ಇದ್ದದ್ದು ಆ ಫಿಲ್ಮ್ ಸುರುಳಿಯೊಂದೇ. ಅದನ್ನು ಕಾಪಾಡಿಕೊಳ್ಳದ ನಮ್ಮ ಉದಾಸೀನ ನನಗೆ ಇಂದಿಗೂ ಸಂಕಟ ಕೊಡುತ್ತದೆ. ಡಿಕೆಮಾರ್ಕ್‌ನಲ್ಲಿ ಆ ಮುಖವನ್ನು ಉಳಿಸಿದ್ದು ಯಾರೂ ಎಸೆಯದೆ ಬಿಟ್ಟ ಕೆಲವು ಡಬ್ಬಿಗಳು, ಅಷ್ಟೇ.