ಕಾರಿನ ಎ.ಸಿ. ಗ್ಯಾಸ್ ಖಾಲಿಯಾಗುವುದಿಲ್ಲ

ಮಾರ್ಚ್ ಕಳೆದು ಬಿಸಿಲು ಏರತೊಡಗಿದರೆ ಗ್ಯಾರೇಜುಗಳಲ್ಲಿ ಒಂದೇ ಮಾತು: ‘ಗ್ಯಾಸ್ ಖಾಲಿಯಾಗಿದೆ ಸಾರ್, ಹಾಕಿಸ್ಬಿಡಿ.’ ಗ್ಯಾಸ್ ತುಂಬಿಸಿ ತಣ್ಣನೆ ಗಾಳಿ ಮುಖಕ್ಕೆ ಬಂತೆಂದರೆ ಗಿರಾಕಿಗೂ ಸಮಾಧಾನ. ಮುಂದಿನ ಬೇಸಿಗೆಗೆ ಅದೇ ಕಾರು, ಅದೇ ಮಾತು, ಅದೇ ಖರ್ಚು.

ಪೆಟ್ರೋಲು ಉರಿದು ಮುಗಿಯುತ್ತದೆ, ಸರಿ. ಎ.ಸಿ. ಗ್ಯಾಸು ಉರಿಯುವುದೂ ಇಲ್ಲ, ಸವೆಯುವುದೂ ಇಲ್ಲ. ಮುಚ್ಚಿದ ಪೈಪುಗಳೊಳಗೆ ಸುತ್ತುತ್ತಲೇ ಇರುತ್ತದೆ. ರಬ್ಬರ್ ಹೋಸುಗಳಿಂದ ವರ್ಷಕ್ಕೆ ಕೆಲವು ಗ್ರಾಂ ಜಿನುಗುವುದು ಸಹಜ. ಆದರೆ ಒಂದೇ ವರ್ಷದಲ್ಲಿ ತಂಪು ಕೈಕೊಟ್ಟಿತೆಂದರೆ, ಒಂದೋ ಎಲ್ಲೋ ಲೀಕ್ ಇದೆ, ಇಲ್ಲವೇ ದೋಷ ಗ್ಯಾಸಿನದ್ದೇ ಅಲ್ಲ. ಇದನ್ನು ಪತ್ತೆ ಹಚ್ಚಬೇಕಾದರೆ ಕಾರಿನೊಳಗಿನ ಶಾಖ ಯಾವ ದಾರಿಯಲ್ಲಿ ಹೊರಹೋಗುತ್ತದೆ ಎಂದು ತಿಳಿದಿರಬೇಕು.

ಇಂದು ರಸ್ತೆಯಲ್ಲಿರುವ ಬಹುಪಾಲು ಕಾರುಗಳಲ್ಲಿರುವುದು ಆರ್-134ಎ ಎಂಬ ಗ್ಯಾಸ್. ಬಯಲಿನ ಸಾಮಾನ್ಯ ಒತ್ತಡದಲ್ಲಿ ಇದು ಮೈನಸ್ 26 ಡಿಗ್ರಿಗೇ ಕುದಿಯುತ್ತದೆ. ಡ್ಯಾಶ್‌ಬೋರ್ಡಿನ ಹಿಂದಿರುವ ಕೂಲಿಂಗ್ ಕಾಯಿಲ್‌ನಲ್ಲಿ ಇದರ ಒತ್ತಡ ವಾತಾವರಣದ ಮೂರು ಪಟ್ಟಿನ ಆಸುಪಾಸಿನಲ್ಲಿರುತ್ತದೆ. ಆಗ ಸೊನ್ನೆ ಡಿಗ್ರಿಯ ಹತ್ತಿರ ಕುದಿಯುತ್ತದೆ. ಕುದಿಯಲು ಬೇಕಾದ ಶಾಖವನ್ನು ಬ್ಲೋಯರ್ ತಳ್ಳುವ ಗಾಳಿಯಿಂದಲೇ ಹೀರಿಕೊಳ್ಳುತ್ತದೆ, ಕಿಲೋ ಒಂದಕ್ಕೆ ಸುಮಾರು 200 ಕಿಲೋಜೂಲ್. ಶಾಖ ಕಳೆದುಕೊಂಡ ಗಾಳಿ ತಣ್ಣಗಾಗಿ ನಮ್ಮ ಮುಖಕ್ಕೆ ಬರುತ್ತದೆ.

ಹೀಗೆ ಹೀರಿದ ಶಾಖವನ್ನು ಹೊರಗೆ ಚೆಲ್ಲುವುದು ಹೇಗೆ? ಕಲಬುರಗಿಯ ಮೇ ತಿಂಗಳಲ್ಲಿ ಹೊರಗಿನ ಗಾಳಿಯೇ 42 ಡಿಗ್ರಿ. ಸೊನ್ನೆ ಡಿಗ್ರಿಯ ಗ್ಯಾಸು ಅದಕ್ಕೆ ಶಾಖ ಕೊಡಲಾರದು. ಕಂಪ್ರೆಸರ್ ಬೇಕಾಗುವುದು ಇಲ್ಲೇ. ಕುಕ್ಕರಿನಲ್ಲಿ ಒತ್ತಡ ಏರಿದಾಗ ನೀರು ಕುದಿಯುವ ಮಟ್ಟವೂ ಮೇಲೇರುವ ಹಾಗೆ, ಗ್ಯಾಸನ್ನು ವಾತಾವರಣದ ಹದಿನೈದು ಪಟ್ಟು ಒತ್ತಡಕ್ಕೆ ಅದುಮಿದರೆ ಅದು 55 ಡಿಗ್ರಿಯಲ್ಲೇ ಮತ್ತೆ ದ್ರವವಾಗಲು ಸಿದ್ಧವಾಗುತ್ತದೆ. ಅಷ್ಟು ಬಿಸಿಯ ಗ್ಯಾಸಿಗೆ 42 ಡಿಗ್ರಿಯ ಗಾಳಿಯೂ ತಣ್ಣಗೇ. ರೇಡಿಯೇಟರಿನ ಮುಂದೆ ನಿಂತಿರುವ ಕಂಡೆನ್ಸರ್‌ನಲ್ಲಿ ಗ್ಯಾಸು ಶಾಖ ಬಿಟ್ಟು ದ್ರವವಾಗುತ್ತದೆ. ಡ್ರೈಯರ್ ಅದರಲ್ಲಿನ ನೀರಿನಂಶವನ್ನು ಹೀರುತ್ತದೆ. ಬಳಿಕ ಎಕ್ಸ್‌ಪ್ಯಾನ್ಷನ್ ವಾಲ್ವಿನ ಸಣ್ಣ ರಂಧ್ರದಲ್ಲಿ ನುಗ್ಗಿದಾಗ ಒತ್ತಡ ಒಮ್ಮೆಲೇ ಇಳಿದು, ತಣ್ಣಗಾಗಿ ಮತ್ತೆ ಕಾಯಿಲ್ ಸೇರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ಎ.ಸಿ. ಹಾಕಿ ಐದು ನಿಮಿಷ ಎಂಜಿನ್ ಓಡಲು ಬಿಟ್ಟು ಬಾನೆಟ್ ಎತ್ತಿ. ಕೈ, ಬಟ್ಟೆ ಬೆಲ್ಟಿನಿಂದ, ಫ್ಯಾನಿನಿಂದ ದೂರವಿರಲಿ. ಒಳಗಿನಿಂದ ಬರುವ ಎರಡು ಅಲ್ಯೂಮಿನಿಯಂ ಪೈಪುಗಳಲ್ಲಿ ದಪ್ಪನೆಯದು ತಣ್ಣಗಿದ್ದು ಬೆವರುತ್ತಿರುತ್ತದೆ, ಸಣ್ಣದು ಬಿಸಿಯಾಗಿರುತ್ತದೆ. ಹಳೆಯ ಮಾದರಿಯ ಕಂಪ್ರೆಸರ್ ಆದರೆ ಅದನ್ನು ಬೆಲ್ಟಿಗೆ ಜೋಡಿಸುವ ಕ್ಲಚ್ ‘ಟಕ್’ ಎಂದು ಕೂರುವ ಸದ್ದೂ ಕೇಳುತ್ತದೆ. ಕಾರ್ಖಾನೆಯಿಂದಲೇ ಎ.ಸಿ. ಅಳವಡಿಸಿಕೊಂಡು ಬಂದ ಮೊದಲ ಕಾರು, 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಹೊರತಂದದ್ದು, ಅದರಲ್ಲಿ ಈ ಕ್ಲಚ್ ಇರಲಿಲ್ಲ. ಚಳಿಗಾಲದಲ್ಲಿ ಎ.ಸಿ. ಬೇಡವೆಂದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು ಬೆಲ್ಟನ್ನೇ ಕಳಚಬೇಕಿತ್ತು!

ಈ ದಾರಿ ಗೊತ್ತಿದ್ದರೆ ಅರ್ಧ ರೋಗ ಗ್ಯಾರೇಜಿಗೆ ಹೋಗುವ ಮೊದಲೇ ತಿಳಿಯುತ್ತದೆ. ಹೆದ್ದಾರಿಯಲ್ಲಿ ಚೆನ್ನಾಗಿ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿಗಾಳಿ. ಹೀಗಾದರೆ ಸಂಶಯ ಗ್ಯಾಸಿನ ಮೇಲಲ್ಲ, ಕಂಡೆನ್ಸರ್‌ನ ಮೇಲೆ. ಓಡುವಾಗ ಗಾಳಿ ತಾನಾಗಿ ನುಗ್ಗುತ್ತದೆ, ನಿಂತಾಗ ಫ್ಯಾನೇ ಗತಿ. ಫ್ಯಾನ್ ಕೆಟ್ಟಿರಬೇಕು, ಇಲ್ಲವೇ ಕಂಡೆನ್ಸರ್‌ನ ತೆಳು ರೆಕ್ಕೆಗಳ ನಡುವೆ ದೂಳು, ಹುಳು, ಒಣ ಎಲೆ ಸಿಕ್ಕಿಕೊಂಡಿರಬೇಕು. ಮೆಲ್ಲನೆ ನೀರು ಹಾಯಿಸಿ ತೊಳೆದರೂ ಎಷ್ಟೋ ಸಲ ಸರಿಹೋಗುತ್ತದೆ. ಜೋರಾದ ಪ್ರೆಷರ್ ವಾಷ್ ಹತ್ತಿರದಿಂದ ಹಿಡಿದರೆ ರೆಕ್ಕೆಗಳೇ ಮಡಚಿಹೋಗುತ್ತವೆ.

ಗಾಳಿ ತಣ್ಣಗಿದೆ, ಆದರೆ ರಭಸವಿಲ್ಲ ಎಂದರೆ ಗ್ಲೋವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ನೋಡಿ. ಬಹಳಷ್ಟು ಕಾರುಗಳಲ್ಲಿ ಅದನ್ನು ಕೈಯಲ್ಲೇ ಬದಲಿಸಬಹುದು. ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಗ್ಯಾಸ್ ಕಡಿಮೆಯಾಗಿರುವ ಸಂಭವ ಹೆಚ್ಚು. ಕಂಪ್ರೆಸರಿನ ಎಣ್ಣೆ ಗ್ಯಾಸಿನ ಜೊತೆಗೇ ಸುತ್ತುತ್ತದೆ. ಹಾಗಾಗಿ ಗ್ಯಾಸ್ ಸೋರುವಲ್ಲಿ ಎಣ್ಣೆಯೂ ಜಿನುಗಿ, ಪೈಪಿನ ಜಾಯಿಂಟಿನಲ್ಲಿ ದೂಳು ಮೆತ್ತಿದ ಜಿಡ್ಡಿನ ಕಲೆ ಕಾಣುತ್ತದೆ. ವಾರಕ್ಕೊಮ್ಮೆಯಾದರೂ, ಚಳಿಗಾಲದಲ್ಲೂ, ಹತ್ತು ನಿಮಿಷ ಎ.ಸಿ. ಓಡಿಸಿ ಎನ್ನುವುದೂ ಈ ಎಣ್ಣೆಗಾಗಿಯೇ. ಸೀಲುಗಳು ಒಣಗಿ ಸೋರತೊಡಗುವುದನ್ನು ಅದು ತಡೆಯುತ್ತದೆ.

ಎ.ಸಿ.ಯ ಶ್ರಮವೆಲ್ಲ ಗಾಳಿಯ ಬಿಸಿ ಇಳಿಸುವುದಕ್ಕೇ ಹೋಗುತ್ತದೆ ಎಂದು ನಾವು ಭಾವಿಸುತ್ತೇವೆ. ಲೆಕ್ಕ ಬೇರೆಯೇ ಹೇಳುತ್ತದೆ. ಸಣ್ಣ ಕಾರಿನೊಳಗಿನ ಅಷ್ಟೂ ಗಾಳಿಯನ್ನು 40ರಿಂದ 25 ಡಿಗ್ರಿಗೆ ತರಲು ಐವತ್ತು ಅರವತ್ತು ಕಿಲೋಜೂಲ್ ಸಾಕು. ಅದೇ ಒಂದು ಲೀಟರ್ ತೇವವನ್ನು ಗಾಳಿಯಿಂದ ನೀರಾಗಿ ಇಳಿಸಲು 2,400 ಕಿಲೋಜೂಲಿಗೂ ಹೆಚ್ಚು ಶಾಖ ತೆಗೆಯಬೇಕು. ಮಂಗಳೂರಿನ 33 ಡಿಗ್ರಿ ಸೆಖೆಯಲ್ಲಿ ಎ.ಸಿ. ಪಡುವ ಪಾಡಿನ ದೊಡ್ಡ ಪಾಲು ನೀರಿಳಿಸುವುದಕ್ಕೇ. ಕಾರಿನಡಿ ಸೋರುವ ನೀರು ಅದೇ, ಗಾಬರಿ ಬೇಡ. ಹೊರಗೆ ಸೋರದೆ ಮುಂದಿನ ಸೀಟಿನವರ ಕಾಲಡಿ ಮ್ಯಾಟ್ ಒದ್ದೆಯಾದರೆ ಮಾತ್ರ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಆ ತೇವ ಕಾಯಿಲ್‌ನಲ್ಲೇ ಉಳಿದು ಬೂಸ್ಟು ಹಿಡಿದರೆ ಮುಗ್ಗಲು ವಾಸನೆ. ಊರು ಮುಟ್ಟುವ ಕೆಲವು ನಿಮಿಷ ಮೊದಲು ಎ.ಸಿ. ಆರಿಸಿ ಬ್ಲೋಯರ್ ಮಾತ್ರ ಬಿಟ್ಟರೆ ಕಾಯಿಲ್ ಒಣಗುತ್ತದೆ.

ಮಳೆಗಾಲದಲ್ಲಿ ಆಗುಂಬೆ, ಚಾರ್ಮಾಡಿ ಘಾಟಿ ಹತ್ತುವಾಗ ಗಾಜಿನ ಒಳಮೈ ಮಸುಕಾದರೆ ಈ ನೀರಿಳಿಸುವ ಗುಣವೇ ಕಾಪಾಡುತ್ತದೆ. ಚಳಿಯೆಂದು ಎ.ಸಿ. ಆರಿಸಬೇಡಿ. ಎ.ಸಿ. ಹಾಕಿ, ಹೊರಗಾಳಿ ಒಳಬರುವಂತೆ ಇಟ್ಟು, ಬೇಕಾದಷ್ಟು ಹೀಟರ್ ಬೆರೆಸಿ ಗಾಜಿನತ್ತ ತಿರುಗಿಸಿ. ಬೇಸಿಗೆಯಲ್ಲಿ ಒಳಗಿನ ಗಾಳಿಯನ್ನೇ ಸುತ್ತಿಸುವುದು ಲಾಭ. ಆದರೆ ದೂರ ಪ್ರಯಾಣದಲ್ಲಿ ಉಸಿರಿನ ಇಂಗಾಲದ ಡೈಆಕ್ಸೈಡ್ ಒಳಗೇ ಕೂಡಿ ಮಂಪರು ಕವಿಯಬಹುದು, ಆಗಾಗ ಹೊರಗಾಳಿ ಬಿಟ್ಟುಕೊಳ್ಳಿ. ಬಿಸಿಲಲ್ಲಿ ನಿಂತ ಕಾರಿನ ಕಿಟಕಿಗಳನ್ನು ಇಳಿಸಿ ಸ್ವಲ್ಪ ದೂರ ಓಡಿಸಿ, ಆಮೇಲೆ ಎ.ಸಿ. ಹಾಕಿ. ಕಾದ ಗಾಳಿಯನ್ನು ಕಂಪ್ರೆಸರ್ ಏಕೆ ಹೊರಬೇಕು?

ಇನ್ನು ನಿಜವಾಗಿಯೂ ಸೋರಿದ್ದರೆ? ಮೊದಲು ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ನೋಡಿ, ಲೀಕ್ ಹುಡುಕಿ ಸರಿಪಡಿಸಬೇಕು. ಬಳಿಕ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಬೇಕು. ಒತ್ತಡ ಇಳಿದಾಗ ಪೈಪಿನೊಳಗಿನ ತೇವ ಕುದಿದು ಹೊರಬರುತ್ತದೆ. ಉಳಿದರೆ ವಾಲ್ವಿನ ರಂಧ್ರದಲ್ಲಿ ಮಂಜುಗಟ್ಟುತ್ತದೆ, ಲೋಹವನ್ನೂ ತಿನ್ನುತ್ತದೆ. ಕೊನೆಗೆ ಗ್ಯಾಸನ್ನು ತೂಗಿ ತುಂಬಬೇಕು. ಎಷ್ಟು ಗ್ರಾಂ ಎಂಬುದು ಬಾನೆಟ್ಟಿನ ಒಳಗಿನ ಚೀಟಿಯಲ್ಲೇ ಇರುತ್ತದೆ. ಸಣ್ಣ ಕಾರಿಗೆ ಸಾಮಾನ್ಯವಾಗಿ ಅರ್ಧ ಕಿಲೋ ಒಳಗೆ. ಹೆಚ್ಚು ತುಂಬಿದರೂ ತಂಪು ಕಡಿಮೆಯೇ. ಎಲೆಕ್ಟ್ರಿಕ್ ಕಾರಾದರೆ ಕಂಪ್ರೆಸರ್ ಓಡುವುದು ಹೈ ವೋಲ್ಟೇಜ್ ಬ್ಯಾಟರಿಯಿಂದ, ಅದರ ಎಣ್ಣೆಯೂ ಬೇರೆ. ಕಂಡವರ ಕೈಗೆ ಕೊಡುವಂಥದ್ದಲ್ಲ.

ಲೀಕ್ ಬಿಟ್ಟು ಬರೀ ತುಂಬಿಸುತ್ತ ಹೋದರೆ ನಷ್ಟ ಜೇಬಿಗೆ ಮಾತ್ರವಲ್ಲ. ಹಿಂದಿನ ಆರ್-12 ಗ್ಯಾಸು ಓಝೋನ್ ಪದರವನ್ನು ತಿನ್ನುತ್ತದೆಂದು 1987ರ ಮಾಂಟ್ರಿಯಲ್ ಒಪ್ಪಂದ ಅದಕ್ಕೆ ಕಡಿವಾಣ ಹಾಕಿತು. ಅದರ ಜಾಗಕ್ಕೆ ಬಂದ ಆರ್-134ಎ ಓಝೋನನ್ನು ಮುಟ್ಟುವುದಿಲ್ಲ, ಆದರೆ ಭೂಮಿಯನ್ನು ಬಿಸಿಮಾಡುವುದರಲ್ಲಿ ತೂಕಕ್ಕೆ ತೂಕ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು. ಅರ್ಧ ಕಿಲೋ ಸೋರಿಹೋದರೆ ಸುಮಾರು 300 ಲೀಟರ್ ಪೆಟ್ರೋಲ್ ಸುಟ್ಟ ಹೊಗೆಗೆ ಸಮ. 2017ರಿಂದ ಯುರೋಪಿನ ಒಕ್ಕೂಟದಲ್ಲಿ ಹೊಸ ಕಾರುಗಳಿಗೆ ಇದನ್ನು ತುಂಬುವಂತಿಲ್ಲ. 2016ರ ಕಿಗಾಲಿ ಒಪ್ಪಂದದಂತೆ ಭಾರತವೂ 2032ರಿಂದ ಈ ಬಗೆಯ ಗ್ಯಾಸುಗಳ ಬಳಕೆಯನ್ನು ಇಳಿಸುತ್ತ ಬರಬೇಕು.

ಹಾಗಾಗಿ ‘ಗ್ಯಾಸ್ ಖಾಲಿ’ ಎಂದವರನ್ನು ಕೇಳಬೇಕಾದದ್ದು ರೇಟನ್ನಲ್ಲ. ಉಳಿದಿದ್ದ ಗ್ಯಾಸ್ ಎಷ್ಟು ಗ್ರಾಂ, ಸೋರಿದ್ದು ಎಲ್ಲಿ, ಈಗ ತುಂಬಿದ್ದೆಷ್ಟು? ಈ ಮೂರೂ ಬಿಲ್ಲಿನಲ್ಲಿ ಬರೆದುಕೊಡುವ ಗ್ಯಾರೇಜು ಸಿಕ್ಕರೆ ಮುಂದಿನ ಬೇಸಿಗೆಗೆ ಅಲ್ಲಿಗೆ ಹೋಗುವ ಪ್ರಮೇಯವೇ ಬರಲಿಕ್ಕಿಲ್ಲ.