ಹಳೆಯ ಕಾರು: ಇಟ್ಟುಕೊಳ್ಳಬೇಕೆ, ಬದಲಿಸಬೇಕೆ?

ಮನೆಯ ಕಾರಿಗೆ ಹದಿನಾಲ್ಕು ವರ್ಷ ತುಂಬಿದೆ ಎಂದುಕೊಳ್ಳಿ. ಕ್ಲಚ್, ಸಸ್ಪೆನ್ಷನ್, ಟೈರು ಎಲ್ಲ ಸೇರಿ 40,000 ರೂಪಾಯಿ ಖರ್ಚಿದೆ ಎಂದು ಗ್ಯಾರೇಜಿನವರು ಹೇಳಿದ್ದಾರೆ. ಕಾರನ್ನು ಮಾರಿದರೆ ಬರುವುದೇ 60,000. ಇದಕ್ಕೆ ಇಷ್ಟು ಸುರಿಯುವ ಬದಲು ಹೊಸದನ್ನೇ ಕೊಳ್ಳೋಣ ಎನ್ನುತ್ತಾರೆ ಅಪ್ಪ. ಓಡುವ ಗಾಡಿಯನ್ನೇಕೆ ಮಾರಬೇಕು ಎನ್ನುತ್ತಾರೆ ಅಮ್ಮ. ಹೊಸ ಕಾರಿನ ಸಾಲದ ಕಂತು ಮತ್ತು ನಿಮ್ಮ ಕಾಲೇಜಿನ ಶುಲ್ಕ ಎರಡೂ ಒಂದೇ ಜೇಬಿನಿಂದ ಹೋಗಬೇಕು. ಆದ್ದರಿಂದ ಈ ಲೆಕ್ಕ ನಿಮಗೂ ತಿಳಿದಿರಲಿ.

ರಿಪೇರಿಯ ಖರ್ಚನ್ನು ಹಳೆಯ ಕಾರಿನ ಬೆಲೆಯೊಡನೆ ಹೋಲಿಸುವುದು ರೂಢಿ. ವಾಸ್ತವವಾಗಿ ಹೋಲಿಸಬೇಕಾದದ್ದು ಅದರ ಬದಲಿಗೆ ಬರುವ ಕಾರಿನ ವೆಚ್ಚದೊಡನೆ. ಇನ್ನೊಂದು ಮಾತು: ಹೋದ ವರ್ಷ ಎಂಜಿನ್ನಿಗೆ ಹಾಕಿದ ಹಣ ಕಾರನ್ನು ಇಟ್ಟುಕೊಂಡರೂ ಮಾರಿದರೂ ಹಿಂತಿರುಗುವುದಿಲ್ಲ. ಅದನ್ನು ಲೆಕ್ಕಕ್ಕೆ ತರಬೇಡಿ.

ಈಗ ಒಂದು ಉದಾಹರಣೆ ನೋಡೋಣ. ಹೊಸ ಕಾರಿನ ಬೆಲೆ 6 ಲಕ್ಷ ರೂಪಾಯಿ. ನಾಲ್ಕು ವರ್ಷ ದಾಟಿ ಐದನೆಯ ವರ್ಷದಲ್ಲಿರುವ ಕಾರಿಗೆ ವಿಮೆಯ ಸವಕಳಿ ಪಟ್ಟಿಯಲ್ಲಿ ಶೇಕಡ 50 ಕಡಿತವಿದೆ. ಈ ಪ್ರಮಾಣವನ್ನೇ ಹಿಡಿದರೆ ಐದು ವರ್ಷಗಳಲ್ಲಿ 3 ಲಕ್ಷ, ಅಂದರೆ ವರ್ಷಕ್ಕೆ 60,000 ರೂಪಾಯಿ ಕರಗುತ್ತದೆ. ಹಳೆಯ ಕಾರಿನ ಬೆಲೆಯಲ್ಲಿ ಇಳಿಯಲು ಹೆಚ್ಚೇನೂ ಉಳಿದಿಲ್ಲ.

ಹೊಸದರಿಂದ ಪೆಟ್ರೋಲ್ ಉಳಿಯುವುದಿಲ್ಲವೇ ಎಂದು ನೀವು ಕೇಳಬಹುದು. ಉಳಿಯುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡಾಟ, ಹಳೆಯದು ಲೀಟರಿಗೆ 12, ಹೊಸದು 18 ಕಿಲೋಮೀಟರ್ ಎನ್ನೋಣ. ಹಳೆಯದಕ್ಕೆ ಸುಮಾರು 833 ಲೀಟರ್, ಹೊಸದಕ್ಕೆ 556 ಲೀಟರ್ ಬೇಕು. ಲೀಟರಿಗೆ 100 ರೂಪಾಯಿಯಂತೆ ಉಳಿತಾಯ ಹತ್ತಿರ ಹತ್ತಿರ 28,000. ಇದನ್ನು 60,000ದಿಂದ ಕಳೆದರೆ 32,000 ಉಳಿಯುತ್ತದೆ. ಹೊಸ ಕಾರಿಗಿಂತ ಹಳೆಯದರ ನಿರ್ವಹಣೆಗೆ ವರ್ಷಕ್ಕೆ ಸರಾಸರಿ 32,000ಕ್ಕಿಂತ ಹೆಚ್ಚು ಖರ್ಚಾದರೆ ಮಾತ್ರ ಬದಲಿಸುವುದು ಲಾಭ. ಸಾಲದ ಬಡ್ಡಿ ಸೇರಿದರೆ ಈ ಮಿತಿ ಇನ್ನೂ ಮೇಲೇರುತ್ತದೆ. ಈ ವರ್ಷದ 40,000 ಪ್ರತಿ ವರ್ಷವೂ ಬರುವ ಖರ್ಚಲ್ಲ. ಕಳೆದ ಮೂರು ವರ್ಷಗಳ ಬಿಲ್ಲುಗಳನ್ನು ಕೂಡಿಸಿ ಸರಾಸರಿ ತೆಗೆಯಿರಿ.

ಆದರೆ ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯಲಾಗದು. ತಳದ ಚೌಕಟ್ಟಿಗೆ ತುಕ್ಕು ಹಿಡಿದಿದ್ದರೆ ಅಪಘಾತದಲ್ಲಿ ಅದು ಒಳಗಿರುವವರನ್ನು ಕಾಯುವುದಿಲ್ಲ. ಚಾಲಕನ ಏರ್‌ಬ್ಯಾಗ್ ನಮ್ಮ ದೇಶದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದದ್ದು 2019ರ ಜುಲೈನಿಂದ. ಹದಿನಾಲ್ಕು ವರ್ಷದ ಕಾರಿನಲ್ಲಿ ಅದು ಇಲ್ಲದಿರಬಹುದು. ಹೆದ್ದಾರಿಯಲ್ಲಿ ದಿನವೂ ಓಡಾಡುವ ಮನೆಯವರಿಗೆ ಇದೊಂದೇ ಕಾರಣ ಸಾಕು. ಹೊಗೆಯ ವಿಷಯವೂ ಇದೆ. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿ.ಎಸ್. 6 ಮಾನದಂಡವು ಡೀಸೆಲ್ ಕಾರಿನ ನೈಟ್ರೋಜನ್ ಆಕ್ಸೈಡುಗಳ ಮಿತಿಯನ್ನು ಕಿಲೋಮೀಟರಿಗೆ 250 ಮಿಲಿಗ್ರಾಂನಿಂದ 80ಕ್ಕೆ ಇಳಿಸಿತು. ಹೊಸ ಕಾರಿನ ಉಕ್ಕು, ಗಾಜು, ಪ್ಲಾಸ್ಟಿಕ್ ತಯಾರಿಸಲೂ ಇಂಧನ ಉರಿಯುತ್ತದೆ ಎಂಬುದನ್ನು ಮರೆಯದಿರಿ. ಅಪರೂಪಕ್ಕೆ ಹೊರಡುವ ಪೆಟ್ರೋಲ್ ಕಾರನ್ನು ಅವಸರದಲ್ಲಿ ಬದಲಿಸಬೇಕಾಗಿಲ್ಲ.

ಕಾನೂನಿನ ಮಾತು ಕೊನೆಯದು. ಖಾಸಗಿ ಕಾರಿನ ನೋಂದಣಿ 15 ವರ್ಷದ್ದು. ಆಮೇಲೆ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ದೆಹಲಿ ಸುತ್ತಮುತ್ತಲಿನ ನಿಯಮಗಳು ಇದಕ್ಕಿಂತ ಬಿಗಿ. ಗುಜರಿಗೆ ಹಾಕುವುದಾದರೆ ಮಾನ್ಯತೆ ಪಡೆದ ಕೇಂದ್ರಕ್ಕೇ ಒಪ್ಪಿಸಿ, ಪ್ರಮಾಣಪತ್ರ ಪಡೆದು, ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ಆ ಕಾರು ಯಾರ ಕೈಗೆ ಹೋದರೂ ದಾಖಲೆಯಲ್ಲಿ ಮಾಲೀಕರು ನಿಮ್ಮ ಮನೆಯವರೇ.

ಮೊದಲು ಬ್ರೇಕು ಮತ್ತು ತಳವನ್ನು ನಂಬಿಕಸ್ಥ ಮೆಕ್ಯಾನಿಕ್ಕಿಗೆ ತೋರಿಸಿ. ಅವು ಗಟ್ಟಿಯಾಗಿದ್ದರೆ ಮೇಲಿನ ಲೆಕ್ಕವನ್ನು ನಿಮ್ಮ ಮನೆಯ ಅಂಕಿಗಳಿಂದ ಮಾಡಿ, ಹಿರಿಯರ ಮುಂದಿಡಿ.